ಮೂಗಪ್ಪನ ಮೇಣದಬತ್ತಿ

ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸೋಪಿನ ಕಾರ್ಖಾನೆಯ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಮೂಗಪ್ಪನೇ. ತಮಾಷೆಗೆ ಕರೆದದ್ದನ್ನು ಅವರು ಬಿರುದೆಂದು ಸ್ವೀಕರಿಸಿದ್ದರು. ತಪ್ಪೂ ಅಲ್ಲ, ಹೊಸದಾಗಿ ಎರಕ ಹೊಯ್ದ ಯಾವ ಸೋಪೂ ಅವರು ಮೂಸಿ ‘ಹೂಂ’ ಅನ್ನದೆ ಕಾಗದ ಸುತ್ತಿಕೊಳ್ಳುವ ಹಾಗಿರಲಿಲ್ಲ. ಆ ‘ಹೂಂ’ ಅನ್ನು ಅವರು ನ್ಯಾಯಾಧೀಶರ ಗತ್ತಿನಲ್ಲಿ, ಕಣ್ಣು ಮುಚ್ಚಿ, ಎಲ್ಲರನ್ನೂ ಸ್ವಲ್ಪ ಕಾಯಿಸಿ ಹೇಳುತ್ತಿದ್ದರು.

ಒಂದರ ಮೇಲೊಂದು ಮೂಸುತ್ತಿದ್ದರೆ ಮೂಗಿಗೆ ಮಂಕು ಕವಿಯುತ್ತದೆ. ಆಗ ನಡುನಡುವೆ ತನ್ನದೇ ಅಂಗಿಯ ತೋಳನ್ನು ಮೂಸಿ ಮೂಗನ್ನು ಮೊದಲಿನ ಸ್ಥಿತಿಗೆ ತಂದುಕೊಳ್ಳುವುದು ಆ ಕಸುಬಿನ ರೂಢಿ. ಮೂಗಪ್ಪ ಮೂಸುತ್ತಿದ್ದದ್ದು ಮಾತ್ರ ಒಂದು ಕರವಸ್ತ್ರವನ್ನು. ಹೆಂಡತಿ ಅದನ್ನು ಬೀರುವಿನಲ್ಲಿ ತನ್ನ ಬಟ್ಟೆಗಳ ನಡುವೆ ಇಟ್ಟಿದ್ದು ಬೆಳಿಗ್ಗೆ ತೆಗೆದುಕೊಡುತ್ತಿದ್ದಳು. ಅದರ ವಾಸನೆ ಎಂಥದ್ದೆಂದು ಯಾರಾದರೂ ಕೇಳಿದರೆ, “ಅದಕ್ಕೆ ವಾಸನೆಯೇ ಇಲ್ಲ, ಅದು ಮನೆ,” ಅನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ಮನೆಯಲ್ಲೂ ಅವರದು ಅಧಿಕಾರಿಯ ಮೂಗೇ. ಹಾಲು ತಳ ಹಿಡಿಯುವ ಮೊದಲೇ ಹಜಾರದ ಕುರ್ಚಿಯಿಂದ ಕೂಗಿ ಹೇಳುತ್ತಿದ್ದರು, ಎದ್ದು ಹೋಗುತ್ತಿರಲಿಲ್ಲ. “ಆ ಮೂಗು ಹಾಗೇ ಬಂದು ಒಲೆನೂ ಆರಿಸಿದ್ರೆ ಚೆನ್ನಾಗಿರ್ತಿತ್ತು,” ಎಂದು ಹೆಂಡತಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

ಹೋದ ಚಳಿಗಾಲದಲ್ಲಿ ಇಬ್ಬರೂ ಒಟ್ಟಿಗೇ ಜ್ವರ ಬಂದು ಮಲಗಿದರು. ಜ್ವರ ಅವಳನ್ನು ಇಡಿಯಾಗಿ ತೆಗೆದುಕೊಂಡು ಹೋಯಿತು. ಅವರಿಂದ ಮೂಗನ್ನಷ್ಟೇ ತೆಗೆದುಕೊಂಡಿತು. ಹೆಂಡತಿ ಹೋದ ಮನೆಯಲ್ಲಿ ಕೂತು ಮೂಗು ಹೋಯಿತೆಂದು ಅಳುವುದು ಹೇಗೆ? ಮಾತಾಡಿಸಲು ಬಂದವರ ಮುಂದೆ ಹೇಳಲು ನಾಚಿಕೆಯಾಯಿತು. ಆಮೇಲೆ ಹೇಳುವ ಹೊತ್ತು ಮೀರಿತು. ಪಕ್ಕದ ಮನೆಯಾಕೆ ಈಗಲೂ ಎಣ್ಣೆ ಕಮಟು ಬಂದಿದೆಯೇ ಎಂದು ಕೇಳಿಕೊಂಡು ಬರುತ್ತಿದ್ದಳು. ಮೂಗಪ್ಪ ಬಾಟಲಿ ಮೂಸಿ, ಅವಳ ಮುಖ ನೋಡಿ, ಮುಖದಲ್ಲಿ ಕಂಡದ್ದನ್ನೇ ತೀರ್ಪಾಗಿ ಕೊಡುತ್ತಿದ್ದರು. ಹಾಲು ಸೀದರೆ ಹಾಗೇ ಕುಡಿಯುತ್ತಿದ್ದರು.

ಬಾಯಿ ಬಿಡದಿರಲು ಇನ್ನೊಂದು ಕಾರಣವಿತ್ತು. ಮಗಳು ಊರಿನ ಆಚೆ ತುದಿಯಲ್ಲಿದ್ದಳು. ಗ್ಯಾಸ್ ಸೋರಿದರೂ ತಿಳಿಯದ ಅಪ್ಪನನ್ನು ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಂಟಿಯಾಗಿ ಬಿಡುವವಳಲ್ಲ ಅವಳು. ಗೊತ್ತಾದ ದಿನವೇ ಗಂಟುಮೂಟೆ ಕಟ್ಟಿಸುತ್ತಾಳೆ. ಹೆಂಡತಿ ಓಡಾಡಿದ ಈ ಎರಡು ಕೋಣೆ ಬಿಟ್ಟು ಅವರಿಗೆ ಹೋಗಬೇಕಿರಲಿಲ್ಲ.

ಬೀದಿಯ ಮರಗಳು ಚಿಗುರಿದ ಮೇಲೆ ಒಂದು ರಜಾದಿನ ಮಗಳು ಬಂದಳು. ಕಿಟಕಿಗಳನ್ನೆಲ್ಲ ತೆರೆದು, ಒಂದು ಕ್ಷಣ ಕೋಣೆಯ ನಡುವೆ ಸುಮ್ಮನೆ ನಿಂತು, ಅಮ್ಮನ ಬೀರುವಿನ ಕಡೆ ನೋಡಿ ಮುಖ ತಿರುಗಿಸಿದಳು. ವಸಂತ ಬಂತು, ಮನೆಗೊಂದಿಷ್ಟು ಹೊಸ ಕಳೆ ಬೇಕು, ಪರಿಮಳದ ಮೇಣದಬತ್ತಿ ತರೋಣ ಎಂದಳು. ಮೂಗಪ್ಪನಿಗೆ ಹೊಳೆದ ಅರ್ಥವೇ ಬೇರೆ. ಹಾಗಾದರೆ ಮನೆ ನಾರುತ್ತಿದೆ. ಇಲ್ಲವೇ ತಾನೇ ನಾರುತ್ತಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿದವರು ಮತ್ತೊಮ್ಮೆ ಮಾಡಿ, ಹೊಸ ಅಂಗಿ ತೊಟ್ಟು ಹೊರಟರು.

ಅಂಗಡಿಯ ಗೋಡೆಯ ತುಂಬ ಗಾಜಿನ ಲೋಟದಲ್ಲಿ ಕೂತ ಮೇಣದಬತ್ತಿಗಳು. ಮಗಳು ಕೆಲವು ಹೆಸರು ಓದಿದಳು: ‘ಮಳೆ ನಿಂತ ತೋಟ’ ಅಂತೆ, ‘ಬೆಳಗಿನ ಹೊಳೆ’ ಅಂತೆ. ಒಂದಕ್ಕಂತೂ ‘ಒಗೆದ ಬಟ್ಟೆ’ ಎಂದೇ ಹೆಸರು. ಇದನ್ನು ಕಾಸು ಕೊಟ್ಟು ಕೊಳ್ಳುವವರಿಗೆ ಬಟ್ಟೆ ಒಗೆಯಲು ಏನು ರೋಗ ಎಂದು ಮೂಗಪ್ಪ ಗೊಣಗಿದರು. ಮಾರುವ ಹೆಂಗಸು ಉಳಿದ ಚೀಟಿಗಳನ್ನು ಓದಿ ಹೇಳಲು ಬಂದಾಗ ಕೈಯೆತ್ತಿ ತಡೆದರು. “ಹೆಸರು ಓದಿ ಮೂಸೋನು ಮೂಸೋನೇ ಅಲ್ಲಮ್ಮ.” ಕನ್ನಡಕವನ್ನು ಬೇಕೆಂದೇ ಜೇಬಿನಿಂದ ತೆಗೆಯಲಿಲ್ಲ.

ಆಮೇಲೆ ನಡೆದದ್ದು ಕಾರ್ಖಾನೆಯ ಹಳೆಯ ವೈಭವ. ಒಂದು ಲೋಟ, ಕಣ್ಣು ಮುಚ್ಚಿ ದೀರ್ಘ ಉಸಿರು, ಕರವಸ್ತ್ರ, ತಲೆಯಾಡಿಕೆ. ಮತ್ತೊಂದು ಲೋಟ. ಕೊಳ್ಳಲು ಬಂದ ನಾಲ್ಕಾರು ಜನ ನಿಂತು ನೋಡತೊಡಗಿದರು. ಜನ ಸೇರಿದಷ್ಟೂ ಮೂಗಪ್ಪನಿಗೆ ಹುರುಪು. ಕೊನೆಗೆ ಮೂಲೆಯಲ್ಲಿದ್ದ ಬಿಳಿ ಬತ್ತಿಯೊಂದರ ಮುಂದೆ ನಿಂತು, “ಹೂಂ,” ಅಂದರು. “ಮೇಲೆ ನಿಂಬೆ ಹೂವು. ಒಳಗೆ ಹಳೇ ಮರ. ಕೊನೆಗೆ, ಕಾದು ನೋಡಿ, ಒಂದಿಷ್ಟು ಒಣಹುಲ್ಲು.”

ಮಾರುವ ಹೆಂಗಸು ಬಾಯಿ ತೆರೆದು ಹಾಗೇ ಮುಚ್ಚಿಕೊಂಡಳು. ಬೆರಗಾಗಿದ್ದಾಳೆ ಎಂದು ಮೂಗಪ್ಪ ತಿಳಿದರು. ದಾರಿಯುದ್ದಕ್ಕೂ ಹುಬ್ಬು ಏರಿಸಿಕೊಂಡೇ ನಡೆದರು. ಮಗಳು ಆ ಬತ್ತಿಯನ್ನೇ ಕೊಂಡು ಹಿಂದೆ ಬಂದಳು.

ಮನೆಗೆ ಬಂದು ಬತ್ತಿ ಹಚ್ಚಿ ಮೇಜಿನ ಮೇಲಿಟ್ಟಳು. ಇಬ್ಬರೂ ಎದುರುಬದುರು ಕೂತರು.

“ನಿಂಬೆ ಹೂವು ಎಲ್ಲಪ್ಪಾ?”

“ತಾಳು. ಬಿಸಿ ಏರಬೇಕು.”

“ಎಷ್ಟು ಏರಿದ್ರೂ ಬರಲ್ಲ. ಅದು ಕರೆಂಟ್ ಹೋದಾಗ ಹಚ್ಚೋ ಬತ್ತಿ. ಯಾರೋ ತಪ್ಪು ಕಪಾಟಿನಲ್ಲಿ ಇಟ್ಟಿದ್ರು. ಆಯಮ್ಮ ಹೇಳೋಕೆ ಬಂದ್ಲು, ನಾನೇ ಬೇಡ ಅಂತ ಸನ್ನೆ ಮಾಡಿದೆ.”

ಮೂಗಪ್ಪ ಬತ್ತಿಯನ್ನೇ ನೋಡುತ್ತ ಕೂತರು. ಹುಬ್ಬು ಈಗ ಇಳಿದಿತ್ತು.

“ಯಾವಾಗಿಂದ ಅಪ್ಪಾ?”

“ಆ ಜ್ವರದಿಂದ.”

ಮಗಳು ಬೈಯುತ್ತಾಳೆ ಎಂದುಕೊಂಡಿದ್ದರು. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು. “ಮನೆ ತುಂಬ ಅಮ್ಮನ ವಾಸನೆ. ಬಾಗಿಲು ತೆಗೆದ್ರೆ ಅಮ್ಮ ಒಳಗೇ ಇದಾಳೆ ಅನ್ಸತ್ತೆ. ಇದರ ನಡುವೆ ನೀನು ಒಬ್ಬನೇ ಹೇಗೆ ಮಲಗ್ತೀಯೋ ಅಂತ ನನಗೆ ಸಂಕಟ. ಅದಕ್ಕೇ ಮೇಣದಬತ್ತಿ ಅಂದೆ.”

ಅಂದರೆ ನಾರುತ್ತಿರಲಿಲ್ಲ. ಇಷ್ಟು ದಿನ ಹೆಂಡತಿ ಇಲ್ಲೇ ಇದ್ದಳು; ಕುರ್ಚಿಯಲ್ಲಿ ಕೂತ ಅವರೊಬ್ಬರಿಗೇ ತಿಳಿದಿರಲಿಲ್ಲ. ಮೂಗಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಮಗಳ ಮುಂದೆ ಹಿಡಿದರು.

“ಇದರಲ್ಲೂ ಇದೆಯಾ ನೋಡು.”

ಅವಳು ಮೂಸಿದಳು. ಸುಳ್ಳು ಹೇಳಲೇ ಎಂದು ಯೋಚಿಸಿದ್ದು ಮುಖದಲ್ಲಿ ಕಂಡಿತು. ಮುಖ ಓದುವುದನ್ನು ಅವರು ಈಚೆಗೆ ಚೆನ್ನಾಗಿ ಕಲಿತಿದ್ದರು.

“ನೀನೇ ಒಗೀತೀಯ ಅಲ್ವಾ?”

“ದಿನಾ.”

“ಬರೀ ಸೋಪು ಅಪ್ಪಾ. ನಿಮ್ಮ ಕಾರ್ಖಾನೆದೇ.”

ಅವರೇ ‘ಹೂಂ’ ಅಂದು ಕಳಿಸಿದ ಸೋಪು. ಇದರ ಪರಿಮಳ ಬಟ್ಟೆಗೆ ಅಂಟಿದರೆ ಬಿಡುವುದಿಲ್ಲ ಎಂದು ಅದನ್ನು ಹೊಗಳಿದ್ದವರೂ ಅವರೇ. ಮೂಗಪ್ಪ ಕರವಸ್ತ್ರವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಮಗಳು ಎದ್ದು ಹೋಗಿ ಗ್ಯಾಸ್ ಒಲೆಯ ಗುಂಡಿ ಪರೀಕ್ಷಿಸಿ ಬಂದಳು. ನಮ್ಮನೆಗೆ ಬಂದುಬಿಡು, ಇನ್ನು ಇಲ್ಲಿ ಬಿಡಲ್ಲ ಅಂದಳು. ಅವರು ತಿಂಗಳುಗಟ್ಟಲೆ ಹೆದರಿಕೊಂಡಿದ್ದ ಮಾತು ಇದೇ. ಉತ್ತರವಾಗಿ ಎಷ್ಟೋ ವಾದಗಳನ್ನು ಕಟ್ಟಿಟ್ಟಿದ್ದರು. ಈಗ ಅವು ಬೇಕೆನಿಸಲಿಲ್ಲ. ಹೆಂಡತಿ ಇದ್ದಾಳೆಂದು ಇನ್ನೊಬ್ಬರು ಹೇಳಿಯೇ ತಿಳಿಯಬೇಕಾದರೆ, ಹೇಳುವವರ ಮನೆಯಲ್ಲಿರುವುದೇ ಸರಿಯೇನೋ.

“ಬರ್ತೀನಿ,” ಅಂದರು. “ಬೀರು ಹಾಗೇ ಸಾಗಿಸಬೇಕು. ನಡುವೆ ತೆಗೀಬಾರದು.”

“ಆಯ್ತು.”

“ಬಟ್ಟೆ ಒಗೆಯೋಕೆ ಹಾಕಬಾರದು.”

“ಇಲ್ಲಪ್ಪ.”

ಕಾರ್ಖಾನೆಯ ಗತ್ತನ್ನು ಎಲ್ಲಿಂದಲೋ ಹುಡುಕಿ ತಂದುಕೊಂಡು, “ಒಂದು ಸಲ ತೆಗೆದು ಮೂಸಿ ಹೇಳು. ನಿಧಾನ. ಮೊದಲು ಏನು ಬರತ್ತೆ, ಆಮೇಲೆ ಏನು, ಬಿಡಿಸಿ ಹೇಳ್ಬೇಕು,” ಅಂದರು.

ಮಗಳು ಬೀರು ತೆಗೆದು ಬಟ್ಟೆಗಳ ನಡುವೆ ಮುಖವಿಟ್ಟಳು.

“ಹೇಳೋಕೆ ಬರಲ್ಲಪ್ಪ.”

“ಹೂಂ,” ಅಂದರು ಮೂಗಪ್ಪ. “ಮುಚ್ಚು ಬೇಗ. ಖರ್ಚಾಗತ್ತೆ.”