ಅಗ್ಗದ ಲ್ಯಾಪ್‌ಟಾಪಿನಲ್ಲಿ ಅವ್ವನ ಸೀರೆ

ಕೆಲಸ ಹೋದಾಗ ಆಫೀಸಿನ ಲ್ಯಾಪ್‌ಟಾಪನ್ನೂ ವಾಪಸು ಕೊಡಬೇಕಾಯಿತು. ಕಲ್ಲುಗುಂಡಿನಂಥ ಭಾರ, ಆದರೆ ಅದರ ಕ್ಯಾಮೆರಾದಲ್ಲಿ ನನ್ನ ಮೂಗುತಿಯ ಹರಳೂ ಧಾರವಾಡದ ಅಕ್ಕನಿಗೆ ಕಾಣುತ್ತಿತ್ತು. ಆಮೇಲೆ ನಾವಿರುವ ಪರದೇಶದ ಊರು ಮಿಲ್ಪಿಟಾಸಿನ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದೊಂದನ್ನು ತಂದೆ.

ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಗುಣಗಳೂ ಇವೆ. ಬೆಂಡಿನಷ್ಟು ಹಗುರ. ಬೆಳಿಗ್ಗೆ ಚಾರ್ಜು ಮಾಡಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಇಂಟರ್‌ವ್ಯೂಗೆ ಹೋಗುವಾಗ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡರೆ ಬಿಸಿಯಾಗುವುದಿಲ್ಲ. ಆದರೆ ನಾಲ್ಕು ಕೆಲಸ ಒಟ್ಟಿಗೆ ಹೇಳಿ ನೋಡಿ, ಮುನಿಸಿಕೊಂಡು ಕೂತುಬಿಡುತ್ತದೆ. ಮಾತು ಕೊಡದೊಳಗಿಂದ ಬಂದಂತೆ ಕೇಳುತ್ತದೆ. ಕ್ಯಾಮೆರಾ ಅಂತೂ ದೇವರಿಗೇ ಪ್ರೀತಿ!

ಶ್ರಾವಣ ಶುಕ್ರವಾರ ಅಕ್ಕ ನನ್ನ ಉಡಿ ತುಂಬುತ್ತಾಳೆ. ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಹರಸುತ್ತಾಳೆ. ಅವ್ವ ಹೋದ ಮೇಲೆ ಅವಳೇ ನನಗೆ ತವರು. ಪ್ರತಿ ವರ್ಷ ಹೋಗುತ್ತಿದ್ದೆ. ಈ ಸಲ ವೀಸಾದ ಗೊಡವೆ, ಹೋದರೆ ಮರಳಿ ಬರುವ ಖಾತ್ರಿಯಿಲ್ಲ. ಅವಳ ಮುಂದೆ ಮಣೆಯ ಮೇಲೆ ಕೂಡಬೇಕೆಂದು ಜೀವ ಒದ್ದಾಡುತ್ತಿತ್ತು.

"ವಿಡಿಯೊದಾಗ ತುಂಬತೀನಿ ತಗೋ," ಎಂದಳು ಅಕ್ಕ. "ಅವ್ವನ ಹಸರ ಇಳಕಲ್ ಸೀರಿ ಉಟಗೋ. ಅದರಾಗ ನಿನ್ನ ಉಡಿ ತುಂಬಿದ್ದು ನನ್ನ ಕಣ್ಣಿಗೆ ಕಾಣಬೇಕು, ಅಷ್ಟ."

ಅಲ್ಲಿ ದೀಪ ಹಚ್ಚುವ ಹೊತ್ತು, ಇಲ್ಲಿ ನಸುಕು. ಅಕ್ಕ ಫೋನನ್ನು ತಂಬಿಗೆಗೆ ಆನಿಸಿ, ಅಕ್ಕಿಯ ಮೊರ ಮುಂದಿಟ್ಟುಕೊಂಡು ಕೂತಿದ್ದಳು. ನಾನೇ ಒಂದು ಮುಷ್ಟಿ ಅಕ್ಕಿ ತೆಗೆದುಕೊಂಡೆ.

"ತನ್ನ ಉಡಿ ತಾನ ತುಂಬ್ಕೋತಾರೇನ, ಹುಚ್ಚಿ! ಮಗಳ ಕೈಲೆ ಹಾಕಿಸ್ಕೋ. ಅದ ನನ್ನ ಕೈ ಅಂತ ತಿಳಕೋ."

ಮಗಳು ಒಂದು ಕೈಯಲ್ಲಿ ಲ್ಯಾಪ್‌ಟಾಪು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಅಕ್ಕಿ ಹಾಕಿದಳು. "ಅಮ್ಮಾ, ಇಷ್ಟು ಓಕೇನಾ?"

ಅಕ್ಕ ಕಣ್ಣು ಕಿರಿದು ಮಾಡಿದಳು. "ಅಲ್ಲ, ಹಬ್ಬದ ದಿನ ಕರೀ ಸೀರಿ ಉಟ್ಟೀಯಲ್ಲ! ಅವ್ವನ ಸೀರಿ ಎಲ್ಲೈತಿ?"

"ಇದ ಅಕ್ಕಾ, ಅವ್ವಂದ!"

"ನನಗ ಹೇಳಬ್ಯಾಡ. ಅವ್ವನ ಸೀರಿ ನನಗ ಗುರ್ತ ಸಿಗೂದಿಲ್ಲೇನ?"

ನನಗೆ ಅಳುವೇ ಬಂತು. ಈ ದರಿದ್ರ ಡಬ್ಬಿಗೆ ಹಸಿರೂ ಕಪ್ಪೂ ಒಂದೇ. ಉಡಿ ಹಿಡಿದುಕೊಂಡೇ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಬಂದೆ, ಹಿಂದೆಯೇ ಲ್ಯಾಪ್‌ಟಾಪು ಹಿಡಿದು ಮಗಳು. ಗುಡ್ಡದ ಆಚೆಯಿಂದ ಬಿಸಿಲು ಬರುವವರೆಗೆ ಮೂವರೂ ಕಾದೆವು. ಬಿಸಿಲು ನೇರ ನನ್ನ ಮೈಮೇಲೆ ಬಿದ್ದಾಗ ಹಸಿರು ಒಡಲು, ಕೆಂಪು ಸೆರಗು ಎರಡೂ ಕಂಡವು.

ಅಕ್ಕ ಫೋನಿಗೆ ಮುಖ ಹತ್ತಿರ ತಂದಳು.

"ಅಯ್ಯ ನನ್ನವ್ವಾ," ಎಂದಳು. "ಉಡಿ ಹಿಡಿ, ಹಿಡಿ. ನಾನೂ ಒಂದ ಮುಷ್ಟಿ ಹಾಕ್ತೀನಿ."

ಮೊರದಿಂದ ಅಕ್ಕಿ ತೆಗೆದು, ಮುಂದಕ್ಕೆ ಬಾಗಿ, ನನ್ನ ಉಡಿಗೆ ಹಾಕಿಯೇಬಿಟ್ಟಳು. ಫೋನು ಉರುಳಿತು, ಅದರ ಮೇಲೆ ಅಕ್ಕಿ ಸುರಿದು ನನ್ನ ಪರದೆಯೆಲ್ಲ ಕತ್ತಲಾಯಿತು. ನಾನು ಸೆರಗು ಒಡ್ಡಿಕೊಂಡು ಹಾಗೇ ನಿಂತಿದ್ದೆ.