ತೀರ್ಥ ಕುಡಿದ ಎಂಜಿನ್ನು

ಮದುವೆಯಾದ ಹೊಸದರಲ್ಲಿ ಎರಡು ವರ್ಷ ನನ್ನ ಕಾಲ್ಗುಣಕ್ಕೆ ಊರಲ್ಲಿ ಬಹಳ ಒಳ್ಳೆಯ ಹೆಸರಿತ್ತು. ಅದಕ್ಕೆ ನಾನು ಮಾಡಿದ್ದು ಏನೂ ಇಲ್ಲ. ಅರಿಶಿನಕುಂಟೆ ಪಕ್ಕದ ಆ ಊರಿಗೆ ನಾನು ಸೊಸೆಯಾಗಿ ಬಂದ ತಿಂಗಳೇ ನಮ್ಮ ಯಜಮಾನರು ಬಾಡಿಗೆಗೆ ಓಡಿಸಲು ಒಂದು ಹಳೆಯ ಕಾರು ತಂದರು, ಅಷ್ಟೇ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಊರಿಗೆಲ್ಲ ಅದೊಂದೇ ಕಾರು. ಸೊಸೆ ಬಂದಳು, ಜೊತೆಗೇ ಕಾರೂ ಬಂತು, ಎಂಥ ಕಾಲ್ಗುಣ ನೋಡಿ ಎಂದು ಜನ ಹೇಳುತ್ತಿದ್ದರೆ ನಾನು ತಲೆ ತಗ್ಗಿಸಿಕೊಂಡು ಒಳಗೊಳಗೇ ಉಬ್ಬುತ್ತಿದ್ದೆ. ಪುಕ್ಕಟೆ ಹೊಗಳಿಕೆ ಯಾರಿಗೆ ಬೇಡ? ಕಾರು ಚೆನ್ನಾಗಿ ಓಡುವವರೆಗೆ ಮಾತ್ರ ಆ ಹೊಗಳಿಕೆ ಎನ್ನುವುದು ಆಗ ಹೊಳೆದಿರಲಿಲ್ಲ.

ಎರಡನೆಯ ವರ್ಷ ಕಾರ್ತಿಕದ ಒಂದು ಸೋಮವಾರ ಅತ್ತೆ ಮಗನ ಕಾರಿನಲ್ಲೇ ಶಿವಗಂಗೆಗೆ ಹೋಗಿಬಂದರು. ಅಲ್ಲಿ ಒಳಕಲ್ಲು ತೀರ್ಥ ಅಂತ ಇದೆ. ಬಂಡೆಯ ಕುಳಿಯೊಳಗೆ ತೋಳು ಇಳಿಬಿಟ್ಟು ನೀರು ಮುಟ್ಟಬೇಕು. ಪುಣ್ಯ ಮಾಡಿದವರಿಗೆ ಮಾತ್ರ ಸಿಗುತ್ತದೆ ಎಂದು ನಂಬಿಕೆ. ಎಷ್ಟೋ ವರ್ಷ ಅತ್ತೆಯ ಕೈಗೆ ಸಿಗದ ನೀರು ಆ ದಿನ ಸಿಕ್ಕಿಬಿಟ್ಟಿತ್ತು. ಸಣ್ಣ ಸೀಸೆಯಲ್ಲಿ ತಂದರು. ಅಷ್ಟು ಮನೆಮಂದಿಗೆಲ್ಲ ಸಾಲದೆಂದು ಒಂದು ದೊಡ್ಡ ಚೊಂಬು ಬಾವಿ ನೀರಿಗೆ ಅದನ್ನು ಬೆರೆಸಿದರು. ನಮಗೆಲ್ಲ ಒಂದೊಂದು ಉದ್ಧರಣೆ ಆಯಿತು, ತುಳಸಿಗಾಯಿತು, ಎತ್ತುಗಳಿಗಾಯಿತು. ಉಳಿದ ಚೊಂಬನ್ನು ನನ್ನ ಕೈಗೆ ಕೊಟ್ಟು, "ಕಾರಿಗೂ ಹಾಕ್ಬಿಡಮ್ಮ, ಅದೂ ಈ ಮನೇಲಿ ದುಡಿಯೋದೇ ಅಲ್ವಾ?" ಎಂದರು.

ಯಜಮಾನರು ಸ್ನಾನಕ್ಕೆ ಹೋಗಿದ್ದರು. ಅವರು ದಿನಾ ಬೆಳಿಗ್ಗೆ ಮುಂದಿನ ಮುಚ್ಚಳ ಎತ್ತಿ ನೀರು ಹಾಕುವುದನ್ನು ನೋಡಿದ್ದೆನಲ್ಲ, ಅದೇನು ಮಹಾ ಎಂದುಕೊಂಡೆ. ಆದರೆ ಆಗ ತಾನೆ ಓಡಿ ಬಂದ ಗಾಡಿ, ನೀರಿನ ಬಿರಟೆ ಕೈ ಸುಟ್ಟಿತು. ಅದರ ಹಿಂದೆಯೇ, ಎಂಜಿನ್ನಿನ ತಲೆಯ ಮೇಲೆ ಇನ್ನೊಂದು ಬಿರಟೆ ಇತ್ತು. ಸೆರಗು ಹಿಡಿದು ತಿರುಗಿಸಿದರೆ ಸಲೀಸಾಗಿ ಬಂತು. ಯಾವ ಬಾಯಿ ತೆರೆಯಿತೋ ಆ ಬಾಯಿಗೆ ಚೊಂಬು ಬಗ್ಗಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ಕೈ ಮುಗಿಯುತ್ತಿದ್ದರು. ಅದು ಎಣ್ಣೆ ಹಾಕುವ ಬಾಯಿ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಯಜಮಾನರು ತುಮಕೂರಿಗೆ ಬಾಡಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಅವರ ಚಿಕ್ಕಪ್ಪ ಬಸ್ಸಿಳಿದು ಓಡಿಬಂದು, "ಅತ್ತಿಗೇ, ದಾಬಸ್‌ಪೇಟೆ ತಾವ ಕಾರು ಸೀಜ್ ಆಗೋಗದೆ!" ಎಂದು ಬೊಬ್ಬೆ ಹಾಕಿದರು. ಅತ್ತೆಗೆ ಗೊತ್ತಿದ್ದ ಸೀಜ್ ಎಂದರೆ ಪೊಲೀಸರು ಮಾಡುವುದು ಒಂದೇ. ದೇವರ ಮನೆಯ ಪೆಟ್ಟಿಗೆಯಿಂದ ಕಾರಿನ ಕಾಗದಗಳನ್ನೆಲ್ಲ ಬಾಚಿ ಸೆರಗಿಗೆ ಕಟ್ಟಿಕೊಂಡು, "ನನ್ ಮಗ ಯಾರ್ ಮನೇದು ಕದ್ದವ್ನೆ? ಆ ಪೊಲೀಸ್ನೋರನ್ನ ನಾನು ಕೇಳ್ತೀನಿ" ಎನ್ನುತ್ತಾ ಸ್ಟೇಷನ್ನಿಗೆ ಹೊರಟೇಬಿಟ್ಟರು. ಚಿಕ್ಕಪ್ಪ ಹಿಂದೆ ಓಡಿ, "ಪೊಲೀಸ್ನೋರಲ್ಲ ಕಣತ್ತಿಗೆ, ಎಂಜಿನ್ ಒಳಗೇ ಕಚ್ಕೊಂಡ್ಬಿಟ್ಟದೆ, ತಿರುಗ್ತಿಲ್ಲ" ಎಂದ ಮೇಲೆ ರಸ್ತೆ ಪಕ್ಕದ ಕಲ್ಲಿನ ಮೇಲೆ ಉಸ್ಸೆಂದು ಕೂತರು. "ಅಷ್ಟೇನಾ! ನನ್ ಜೀವ ಹಾರೋಗಿತ್ತಲ್ಲೋ" ಎಂದರು.

ಅಷ್ಟೇ ಆಗಿರಲಿಲ್ಲ. ಲಾರಿಗೆ ಹಗ್ಗ ಕಟ್ಟಿ ಕಾರನ್ನು ನೆಲಮಂಗಲದ ಮೆಕ್ಯಾನಿಕ್ ಶೆಡ್ಡಿಗೆ ಎಳೆದು ತಂದಿದ್ದರು. ಮೂರನೆಯ ದಿನ ಅತ್ತೆ, ನಾನು ಯಜಮಾನರಿಗೆ ಬುತ್ತಿ ತೆಗೆದುಕೊಂಡು ಹೋದೆವು. ಚಿಕ್ಕಪ್ಪ ನಮಗಿಂತ ಮೊದಲೇ ಬಂದು ಕೂತಿದ್ದರು. ಎಂಜಿನ್ನು ಬಿಚ್ಚಿ ಹಲಗೆಯ ಮೇಲೆ ಇಟ್ಟಿತ್ತು. ಕೆಳಗಿನ ತಟ್ಟೆಯಲ್ಲಿ ಎಣ್ಣೆಯ ಬದಲು ಬೂದು ಬಣ್ಣದ ಮಜ್ಜಿಗೆಯಂಥದ್ದು ನಿಂತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಎಲ್ಲ ಅರ್ಥವಾಯಿತು.

ಮೆಕ್ಯಾನಿಕ್ ವಯಸ್ಸಾದವರು, ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ. "ಎಣ್ಣೆಗೆ ನೀರು ಸೇರೈತೆ, ಅದಕ್ಕೇ ಬೇರಿಂಗ್ ಎಲ್ಲಾ ಖರಾಬಾಗಿ ಕಚ್ಕೊಂಡಿರೋದು. ನೀರು ಎಲ್ಲಿಂದ ಬಂತು, ಅದು ಹೇಳಿ ಮೊದ್ಲು" ಎಂದರು. "ಈ ಬ್ಲಾಕ್ ಐತಲ್ಲ, ಈ ದೊಡ್ಡ ಕಬ್ಬಿಣ, ಇದರೊಳಗೆ ಕಣ್ಣಿಗೆ ಕಾಣ್ದಂಗೆ ಬಿರುಕು ಬಿಟ್ಟಿದ್ರೆ ನೀರು ಒಳಗಿಂದ್ಲೇ ಬಂದಿರ್ತೈತೆ. ಹಂಗಾದ್ರೆ ರಿಪೇರಿ ದಂಡ, ಬೇರೆ ಎಂಜಿನ್ನೇ ಕೂರಿಸ್ಬೇಕು. ಯಾರಾದ್ರೂ ಮೇಲಿಂದ ಹಾಕಿದ್ರೆ ಆ ಮಾತೇ ಬೇರೆ. ಒಳಗೆ ಕೊರೆದು ಬೋರ್ ಮಾಡ್ಸಿ, ಹೊಸ ಪಿಸ್ಟನ್ನು ಬೇರಿಂಗು ಹಾಕಿ ಇದನ್ನೇ ಎಬ್ಬಿಸ್ತೀನಿ."

"ಎಣ್ಣೆ ಬಾಯಿಗೆ ನೀರು ಯಾರು ಹಾಕ್ತಾರೆ ಭಾಯ್? ನಾನೇನು ನಿನ್ನೆ ಮೊನ್ನೆ ಗಾಡಿ ಹಿಡಿದೋನಾ?" ಎಂದರು ಯಜಮಾನರು. ಮೂರು ದಿನದಿಂದ ಸರಿಯಾಗಿ ಉಂಡಿರದ ಮುಖ.

"ಹಂಗಾದ್ರೆ ಬಿರುಕೇ."

"ಬಿಸಾಕಪ್ಪ ಅತ್ಲಾಗೆ" ಎಂದು ಚಿಕ್ಕಪ್ಪ ಬಾಯಿ ಹಾಕಿದರು. "ಬೆಂಗಳೂರ್ ಗುಜರೀಲಿ ಬೇಕಾದಷ್ಟು ಎಂಜಿನ್ ಬಿದ್ದವೆ, ಒಂದ್ ತಂದು ಹಾಕ್ಸು. ಇದು ಬಂದ ಗಳಿಗೇನೇ ಸರಿಯಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕಾಲ್ಗುಣಾನೂ ಒಂದೊಂದ್ಸಲ ತಡ್ವಾಗಿ ತೋರ್ಸ್ಕತ್ತದೆ" ಎಂದು ಸೇರಿಸಿದರು. ಆ ಮನುಷ್ಯನ ಬಾಯಿಗಿಷ್ಟು ಮಣ್ಣು ಹಾಕ ಎಂದು ಮನಸ್ಸಿನಲ್ಲೇ ಶಾಪ ಹಾಕಿದೆ.

ಸುಮ್ಮನಿದ್ದರೆ ಗಟ್ಟಿಯಾಗಿದ್ದ ಎಂಜಿನ್ನು ಗುಜರಿ ಸೇರುತ್ತದೆ. ಯಾರೋ ಬಿಸಾಡಿದ್ದನ್ನು ನಮ್ಮವರು ತಂದು ಹಾಕಿಸಿಕೊಂಡು ಏಗಬೇಕು. ಬಾಯಿ ಬಿಟ್ಟರೆ ಗಂಡನ ಅನ್ನಕ್ಕೆ ನೀರು ಹಾಕಿದವಳು ಎಂದು ಚಿಕ್ಕಪ್ಪ ಊರೆಲ್ಲ ಡಂಗುರ ಹೊಡೆಯುತ್ತಾರೆ. ಜೋರು ಬಾಯಿಯವಳು ಅಂತ ತವರಿನಲ್ಲಿ ಹೆಸರು ತೆಗೆದುಕೊಂಡಿದ್ದ ನನಗೆ ಅವತ್ತು ನಾಲಿಗೆ ಒಣಗಿತ್ತು. ಆದರೂ ಯಜಮಾನರ ಮುಖ ನೋಡಲಾಗಲಿಲ್ಲ. ಒಂದು ಹೆಜ್ಜೆ ಮುಂದಿಟ್ಟು, "ಮೊನ್ನೆ ಸೋಮವಾರ..." ಎಂದೆ.

ಅತ್ತೆ ಬುತ್ತಿಯ ಕುಕ್ಕೆಯನ್ನು ನನ್ನ ಎದೆಗೆ ಒತ್ತಿದರು. "ಇದನ್ನ ಹಿಡ್ಕೋ. ಎಲ್ಲಾದಕ್ಕೂ ಮುಂದೆ ಬರ್ಬೇಡ" ಎಂದು ಗದರಿ, ಮೆಕ್ಯಾನಿಕ್ ಕಡೆ ತಿರುಗಿದರು. "ನಾನೇ ಹಾಕ್ದೆ ಕಣಪ್ಪ. ಶಿವಗಂಗೆ ತೀರ್ಥ. ಒಂದು ಚೊಂಬು."

ಯಜಮಾನರು ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು, "ಅಮ್ಮಾ..." ಎಂದರು, ಮುಂದೆ ಮಾತು ಬರಲಿಲ್ಲ. ಹೆಂಡತಿಯಾಗಿದ್ದರೆ ಬಂದಿರುತ್ತಿತ್ತು. ಚಿಕ್ಕಪ್ಪನಂತೂ, "ನಿಮಗೆ ಅರಳು ಮರಳಾ ಅತ್ತಿಗೆ?" ಎಂದು ಬಿದ್ದು ಬಿದ್ದು ನಕ್ಕರು. ಮೆಕ್ಯಾನಿಕ್ ಮಾತ್ರ ನಗಲಿಲ್ಲ. ಬ್ಲಾಕನ್ನು ಸ್ಪ್ಯಾನರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಬಿರುಕಿಲ್ಲ, ಪಕ್ಕಾ. ಗುಜರಿ ಎಂಜಿನ್ ಯಾರ್ ಕೈಯಲ್ಲಿ ಏನೇನ್ ಅನುಭವಿಸೈತೋ ನಂಗೊತ್ತಿಲ್ಲ. ಇದರ ಕಥೆ ಪೂರ್ತಿ ಗೊತ್ತಾಯ್ತಲ್ಲ, ಇದನ್ನೇ ಮಾಡೋಣ. ನೀವು ಹೇಳಿದ್ದು ಒಳ್ಳೇದಾಯ್ತು ಅಮ್ಮ" ಎಂದರು. ಆ ಮಾತಿಗೆ ಅವರಿಗೆ ನಾನು ಇವತ್ತಿಗೂ ಋಣಿ.

ಎಂಜಿನ್ನು ಎದ್ದು ಕೂರಲು ಒಂದು ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ಬಾವಿಕಟ್ಟೆಯಲ್ಲಿ ಅತ್ತೆಯನ್ನು ಕಂಡವರೆಲ್ಲ, "ಏನಮ್ಮೋ, ಇವತ್ತು ಕಾರಿಗೆ ಏನ್ ಪ್ರಸಾದ?" ಎಂದು ರೇಗಿಸಿದರು. "ಮೊಸರನ್ನ ಕೊಡೋಣಾಂತಿದೀನಿ" ಎಂದು ಅತ್ತೆ ಕೊಡ ಸೊಂಟಕ್ಕೇರಿಸಿಕೊಂಡು ಬರುತ್ತಿದ್ದರು. ನಾನು ಹಿಂದಿನಿಂದ ಬಿಂದಿಗೆ ಹೊತ್ತು ನಡೆಯುತ್ತಿದ್ದೆ. ನಾಚಿಕೆಗೆ ತಲೆ ಎತ್ತಲಾಗುತ್ತಿರಲಿಲ್ಲ.

ಕಾರು ಮನೆಗೆ ಬಂದ ಮೇಲೆ ಮೊದಲು ಹೋದದ್ದು ಶಿವಗಂಗೆಗೇ. ಯಜಮಾನರು ಕಾಫಿಗೆಂದು ಅತ್ತ ಹೋದಾಗ, ಬೆಟ್ಟದ ಬುಡದಲ್ಲಿ ಕೂತಿದ್ದ ಅತ್ತೆಯನ್ನು ಕೇಳಿಯೇಬಿಟ್ಟೆ. "ಹಾಕಿದ್ದು ನಾನು. ನೀವ್ಯಾಕೆ ಹಂಗಂದ್ರಿ?"

"ಹಾಕು ಅಂದೋಳು ನಾನು ತಾನೆ?" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದರು: "ನೀನು ಅಂದಿದ್ರೆ ಕಾಲ್ಗುಣ ಅಂತಿದ್ರು. ನಾನಂದಿದ್ದಕ್ಕೆ ಮುದುಕಿಗೆ ಬುದ್ಧಿಯಿಲ್ಲ ಅಂದ್ರು. ಬುದ್ಧಿಯಿಲ್ದೆ ಇರೋದನ್ನ ಜನ ನಗಾಡಿ ಮರ್ತ್‌ಬಿಡ್ತಾರೆ. ಕಾಲ್ಗುಣ ಮರೆಯಾಕಿಲ್ಲ ಕಣೇ, ಮೊಮ್ಮಕ್ಕಳ ಕಾಲಕ್ಕೂ ಆಡ್ತಾರೆ. ನಂಗೊತ್ತು." ಆ ಕೊನೆಯ ಮಾತು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಅವರೂ ಒಂದು ಮನೆಗೆ ಸೊಸೆಯಾಗಿ ಬಂದವರೇ. ಅಲ್ಲೇ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ಏಳೇ, ಜನ ನೋಡ್ತಾರೆ" ಎಂದು ಗದರಿದರು.

ಆ ಎಂಜಿನ್ನು ಮತ್ತೆ ಎಷ್ಟೋ ವರ್ಷ ಓಡಿತು. ಅದರ ದುಡಿಮೆಯಲ್ಲೇ ನನ್ನ ಮಕ್ಕಳು ಓದಿದರು. ಅತ್ತೆ ಹೋಗಿ ಬಹಳ ಕಾಲವಾಯಿತು. ಆದರೆ ಜನ ಮರೆಯುತ್ತಾರೆ ಎಂದು ಅವರು ಹೇಳಿದ್ದು ನಿಜವಾಗಲಿಲ್ಲ. ಯಜಮಾನರು ಈಗಲೂ ಮೊಮ್ಮಕ್ಕಳನ್ನು ಕೂರಿಸಿಕೊಂಡು, "ನಮ್ಮಮ್ಮ ಎಂಜಿನ್ನಿಗೆ ತೀರ್ಥ ಕುಡಿಸಿದ್ಲು ಕಣ್ರೋ" ಎಂದು ಕಥೆ ಹೇಳಿ ನಗಿಸುತ್ತಾರೆ. ಇಷ್ಟು ವರ್ಷ ನಾನೂ ಜೊತೆಗೆ ನಕ್ಕಿದ್ದೇನೆ. ಇನ್ನು ಸಾಕು. ಇದನ್ನು ಅವರೂ ಓದುತ್ತಾರೆ. ಹಾಕಿದ್ದು ನಾನು ಕಣ್ರೀ, ನಿಮ್ಮಮ್ಮ ಅಲ್ಲ.