ಹುಣಸೆ ಮರಕ್ಕೆ ಕಟ್ಟಿದ ಬಿಳಿ ಚೀಲಗಳು

ಜೇನಿನ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಮಧುಗಿರಿ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವ ಮೊದಲ ಪ್ರಶ್ನೆ, "ಅಸಲಿ ತುಪ್ಪ ಎಲ್ಲಿ ಸಿಗುತ್ತೆ ಮೇಡಂ?" ನನಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ಜೇನುಹುಟ್ಟನ್ನೂ ನಾನು ಹಿಂಡಿಲ್ಲ. ನನ್ನ ಕೆಲಸ ಅದಕ್ಕಿಂತ ಸಪ್ಪೆಯದು. ಜೇನು ಬರದಿದ್ದರೆ ಹೂವಿನ ಗತಿ ಏನು ಎಂದು ನೋಡುವುದು, ಅಷ್ಟೇ.

ಅದಕ್ಕೆ ನಾನು ಆರಿಸಿಕೊಂಡದ್ದು ಮಿಡಿಗೇಶಿ ಹತ್ತಿರದ ಒಂದು ಹಳ್ಳಿಯ ಹೊರಗಿದ್ದ ದೊಡ್ಡ ಹುಣಸೆ ಮರ. ಮೊಗ್ಗಿರುವಾಗಲೇ ಕೆಲವು ರೆಂಬೆಗಳಿಗೆ ತೆಳುವಾದ ಬಿಳಿ ಬಟ್ಟೆಯ ಚೀಲ ಕಟ್ಟುತ್ತಿದ್ದೆ, ಜೇನು ಒಳಗೆ ಹೋಗದ ಹಾಗೆ. ಪಕ್ಕದ ರೆಂಬೆಗಳನ್ನು ತೆರೆದೇ ಬಿಡುತ್ತಿದ್ದೆ. ಹೂವಿನ ಕಾಲ ಮುಗಿದ ಮೇಲೆ ಚೀಲ ಬಿಚ್ಚಿ ಎರಡನ್ನೂ ಹೋಲಿಸಬೇಕು. ತೆರೆದ ರೆಂಬೆಯಲ್ಲಿ ಎಳೆಗಾಯಿ ತೂಗುತ್ತಿದ್ದರೆ ಚೀಲದೊಳಗೆ ಬರೀ ಒಣಗಿದ ತೊಟ್ಟು ಇರುತ್ತಿತ್ತು. ಜೇನು ಏನು ಮಾಡುತ್ತದೆ ಎಂದು ಮಕ್ಕಳಿಗೂ ಇದರಲ್ಲಿ ತೋರಿಸಬಹುದಿತ್ತು.

ಎರಡನೇ ವರ್ಷ ಚೀಲ ಬಿಚ್ಚಲು ಹೋದರೆ ಮರದ ತುಂಬ ಬಟ್ಟೆ! ಕೆಂಪು ರವಿಕೆ ಚೂರು, ಅರಿಶಿನದ ಗಂಟು, ಶಿರಾ ಕಡೆಯ ಒಂದು ಮುಸ್ಲಿಮ್ ಕುಟುಂಬ ಕಟ್ಟಿಹೋದ ಹಸಿರು ಬಟ್ಟೆ. ಗೊರವನಹಳ್ಳಿ ದೇವಸ್ಥಾನಕ್ಕೆ ಹೊರಟವರೂ ರಸ್ತೆಯಲ್ಲಿ ಇಳಿದು ಬಂದು ಕಟ್ಟಿದ್ದರಂತೆ. ನನ್ನ ಚೀಲಗಳನ್ನು ಕಂಡ ಜನ ಇದು ಹರಕೆಯ ಮರವೆಂದೇ ತಿಳಿದಿದ್ದರು. ಕೆಲವರು ನಾನು ತೆರೆದು ಬಿಟ್ಟಿದ್ದ ರೆಂಬೆಗಳನ್ನೇ ಸುತ್ತಿ ಬಿಗಿದಿದ್ದರು. ನನಗೆ ಮೈ ಉರಿದುಹೋಯಿತು. ಕಿತ್ತೆಸೆಯಲು ಕೈ ಹಾಕಿದೆ.

"ಲೇ, ಮುಟ್ಬ್ಯಾಡ!" ಎಂದು ಕೂಗುತ್ತಾ ಮರದ ಒಡತಿ ಅಜ್ಜಿ ಓಡಿ ಬಂದಳು. "ನೀನ್ ಕಟ್ಟಿದ್ದು ನೀನ್ ಬಿಚ್ಕ. ಅವ್ರದ್ದು ಅವ್ರೇ ಬಿಚ್ಬೇಕು, ಅಂದ್ಕಂಡಿದ್ದು ಆದ್ಮ್ಯಾಕೆ."

"ನಂದು ಹರಕೆ ಅಲ್ಲ ಅಜ್ಜಿ, ಸಂಶೋಧನೆ."

"ಅದೆಂಥದೋ ಒಂದು. ಆಗ್ಲಿ ಅಂತ ತಾನೆ ಕಟ್ಟಿರಾದು?"

ಆಮೇಲೆ ಕೆಳಗಿನ ರೆಂಬೆಗಳನ್ನು ಜನರ ಗಂಟುಗಳಿಗೆ ಬಿಟ್ಟುಕೊಟ್ಟು ನಾನು ಏಣಿ ಹಾಕಿ ಮೇಲೆ ಹೋದೆ. ಪ್ರತಿ ವರ್ಷ ನಾನು ಚೀಲ ಬಿಚ್ಚುವಾಗ ಅಜ್ಜಿ ಕೆಳಗೆ ನಿಂತು, "ಆಯ್ತಾ ನಿಂದು?" ಎಂದು ಕೇಳುತ್ತಿದ್ದಳು. ತೆರೆದ ರೆಂಬೆಯ ಕಾಯಿಗಳನ್ನು ನೋಡಿ, "ಆಯ್ತಜ್ಜಿ" ಎನ್ನುತ್ತಿದ್ದೆ. ಅದು ನಮ್ಮಿಬ್ಬರ ತಮಾಷೆಯಾಗಿತ್ತು.

ಉಳಿದ ಕಡೆ ನಾನು ಜೇನು ನೋಡುತ್ತಿದ್ದ ಜಾಗಗಳು ಒಂದೊಂದಾಗಿ ಕೈತಪ್ಪಿದವು. ಪಾವಗಡದ ಬಯಲಿನಲ್ಲಿ ತುಂಬೆ ಗಿಡಗಳಿದ್ದ ಕಡೆ ಸೋಲಾರ್ ಫಲಕಗಳು ಹರಡಿಕೊಂಡವು. ಶಿರಾ ರಸ್ತೆ ಅಗಲವಾದಾಗ ಹೊಂಗೆ ಮರಗಳು ಹೋದವು. ಕೊಳಾಲದ ಕಡೆ ತೋಟಗಳಿಗೆ ಔಷಧಿ ಹೊಡೆಯದ ವಾರವೇ ಇರಲಿಲ್ಲ. ಹೆಜ್ಜೇನು ಕಟ್ಟುತ್ತಿದ್ದ ಬಂಡೆಗಳಲ್ಲಿ ಕಪ್ಪು ಕಲೆ ಮಾತ್ರ ಉಳಿಯಿತು. ಸಂಶೋಧಕರ ಸಭೆಗಳಲ್ಲಿ ನಾವು ಇದಕ್ಕೆ 'ಇಳಿಮುಖ' ಎನ್ನುತ್ತಿದ್ದೆವು. ಎಂಥ ನಾಜೂಕಿನ ಮಾತು! ಹೇಳಿ ಮುಗಿಸಿ ಎಲ್ಲರೂ ಊಟಕ್ಕೆ ಏಳುತ್ತಿದ್ದೆವು. ಮನೆಗೆ ಬಂದು ನಾನು ಅತ್ತಿದ್ದೂ ಉಂಟು. ಸತ್ತವರಿಗೆ ಅಳಬಹುದು, ಬರುವುದನ್ನೇ ನಿಲ್ಲಿಸಿದವರಿಗೆ ಹೇಗೆ ಅಳುವುದೋ ತಿಳಿಯದೆ ಅತ್ತಿದ್ದೇನೆ.

ಹುಣಸೆ ಮರವೊಂದು ಉಳಿದಿತ್ತು. ಅದೂ ಕೈಕೊಟ್ಟರೆ ನನ್ನ ಕೆಲಸ ಮುಗಿದಂತೆ ಎಂದು ಗೊತ್ತಿತ್ತು.

ಈ ವರ್ಷ ಮರ ಮೈತುಂಬ ಹೂ ಬಿಟ್ಟಿತು. ಮೊದಲೆಲ್ಲ ಹೂವಿನ ಕಾಲದಲ್ಲಿ ಅದರ ಕೆಳಗೆ ನಿಂತರೆ ಜೇನಿನ ಝೇಂಕಾರಕ್ಕೆ ದನಿ ಎತ್ತಿ ಮಾತಾಡಬೇಕಾಗುತ್ತಿತ್ತು. ಈ ಸಲ ದೂರದ ರಸ್ತೆಯ ಬಸ್ಸಿನ ಹಾರ್ನ್ ಸ್ಪಷ್ಟವಾಗಿ ಕೇಳಿತು. ನನಗೆ ಭಯವಾಯಿತು. ಆದರೂ ಚೀಲ ಕಟ್ಟಿದೆ. ಬೇರೇನು ಮಾಡಬೇಕೆಂದು ತೋಚಲಿಲ್ಲ.

ಹೂ ಉದುರಿದ ಮೇಲೆ ಹೋಗಿ ಬಿಚ್ಚಿದೆ. ಚೀಲದೊಳಗೆ ಒಣಗಿದ ತೊಟ್ಟು. ಪಕ್ಕದ ತೆರೆದ ರೆಂಬೆಯಲ್ಲೂ ಒಣಗಿದ ತೊಟ್ಟು. ಏಣಿ ಸರಿಸಿ ಸರಿಸಿ ಮರದ ಸುತ್ತ ನೋಡಿದೆ. ಎಲ್ಲೂ ಕಾಯಿ ಕಚ್ಚಿರಲಿಲ್ಲ. ಹೋಲಿಸಲು ಏನೂ ಉಳಿದಿರಲಿಲ್ಲ. ಜೇನು ಬಾರದೆ ಮರಕ್ಕೆ ಮರವೇ ನನ್ನ ಚೀಲದೊಳಗೆ ಸೇರಿಹೋಗಿತ್ತು.

ಅಜ್ಜಿ ಎಂದಿನಂತೆ ಕೆಳಗೆ ನಿಂತಿದ್ದಳು.

"ಆಯ್ತಾ ನಿಂದು?"

"ಇಲ್ಲ ಅಜ್ಜಿ. ಈ ಸಲ ಆಗ್ಲಿಲ್ಲ."

ಕಾಯಿಲ್ಲದ ರೆಂಬೆಗಳು ಅವಳಿಗೂ ಕಾಣುತ್ತಿದ್ದವು. ನನ್ನ ಕೈಯಲ್ಲಿದ್ದ ಚೀಲಗಳನ್ನು ನೋಡಿ ಗದರಿಕೊಂಡಳು.

"ಆಗ್ದಿದ್ರೆ ಯಾಕ್ ಬಿಚ್ಬುಟ್ಟೆ? ಅಂಗೆಲ್ಲ ಬಿಚ್ಬಾರ್ದು ಕಣಮ್ಮ. ಕಟ್ಟು."

ಹೂವಿಲ್ಲದ ರೆಂಬೆಗೆ ಚೀಲ ಕಟ್ಟುವುದರಲ್ಲಿ ಅರ್ಥವಿಲ್ಲ ಎಂದು ನನಗೆ ಗೊತ್ತಿತ್ತು. ಏಣಿ ಇಳಿದು, ಜನರ ಗಂಟುಗಳಿದ್ದ ಕೆಳಗಿನ ರೆಂಬೆಯಲ್ಲಿ ಜಾಗ ಹುಡುಕಿ, ಒಂದು ಚೀಲ ಕಟ್ಟಿದೆ. ಬಸ್ಸಿಗೆ ಹೊತ್ತಾಗಿತ್ತು. ಆದರೂ ಗಾಳಿಗೆ ಬಿಚ್ಚಿಹೋಗದಿರಲಿ ಎಂದು ಇನ್ನೊಂದು ಗಂಟು ಹಾಕಿದೆ.